ಹೊಳೆ ಎಣಿಸುತ್ತಾ ಕಾರವಾರಕ್ಕೆ

ಭಾಗ 1/8
(ಫೋಟೋ: ನೋಟ್‌ಬುಕ್ ಹಾಳೆ, ಅದರ ಮೇಲೆ ಅಜ್ಜನ ಬೆರಳು)

ಕರಾವಳಿ ರೋಡ್ ಟ್ರಿಪ್ ಬಗ್ಗೆ ಬರೀ ಬರೀ ಅಂತ ಎಷ್ಟು ದಿನದಿಂದ ಮೆಸೇಜ್ ಹಾಕ್ತಾ ಇದ್ರಿ. ತಗೊಳ್ಳಿ, ಶುರು ಮಾಡ್ತಿದ್ದೇನೆ.

ಸೆಮ್ ಪರೀಕ್ಷೆ ಮುಗಿದ ಮಾರನೇ ದಿನ ನಾವು ನಾಲ್ಕು ಜನ ಕೂತು ಪಟ್ಟಿ ಮಾಡಿದ್ವಿ. ಕಾಪು ಲೈಟ್‌ಹೌಸ್, ಸೇಂಟ್ ಮೇರಿಸ್ ದ್ವೀಪ, ಮರವಂತೆ, ಮುರುಡೇಶ್ವರ, ಮಿರ್ಜಾನ್ ಕೋಟೆ, ಕಾರವಾರ. ಮಂಗಳೂರಿನಿಂದ ಸುಮಾರು 270 ಕಿಲೋಮೀಟರ್, ಎರಡು ದಿನ, ಒಂದು ಕಾರು, ಪೆಟ್ರೋಲ್ ನಾಲ್ಕು ಪಾಲು. ಬಿಕಾಂ ಮಕ್ಕಳಲ್ವಾ, ಜಾಗ ಫೈನಲ್ ಆಗೋ ಮೊದಲೇ ಬಜೆಟ್ ಶೀಟ್ ರೆಡಿ.

ಕುಂದಾಪುರದ ನಮ್ಮ ಮನೆ ಜಗಲಿಯಲ್ಲಿ ಅಜ್ಜ ಆ ಹಾಳೆಯನ್ನು ಕನ್ನಡಕ ಹಾಕ್ಕೊಂಡು ಓದಿದರು. ಹರೆಯದಲ್ಲಿ ಲಾರಿ ಕ್ಲೀನರ್ ಆಗಿ ಇದೇ ದಾರಿಯಲ್ಲಿ ಓಡಾಡಿದವರು. ಓದಿ ಒಂದೇ ಮಾತು ಹೇಳಿದ್ದು: "ಇದ್ರಗೆ ಹೊಳಿ ಒಂದೂ ಇಲ್ಯಲ್ಲ ಮಗಾ."

ಪೆನ್ನು ಇಸಿದುಕೊಂಡು ಉದ್ದಕ್ಕೆ ಒಂದು ಗೆರೆ ಎಳೆದರು, ಅದು ಕಡಲು. ಅದಕ್ಕೆ ಅಡ್ಡಡ್ಡ ಗೆರೆ ಹಾಕುತ್ತಾ ಹೋದರು: ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ, ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಹತ್ತು ಹೊಳೆ. ನಮ್ಮ ಪಟ್ಟಿಯಲ್ಲಿ ಇವೆಲ್ಲ ಇದ್ದದ್ದು ಬರೀ "ಬ್ರಿಡ್ಜ್" ಅಂತ, ಅದೂ ಎರಡು ಕಡೆ ಮಾತ್ರ.

ಈ ಸರಣಿ ಆ ಹತ್ತು ಅಡ್ಡಗೆರೆಗಳ ಕಥೆ. ಫೋಟೋ ಟಿಪ್ಸ್ ಕೊನೆಯಲ್ಲಿದೆ, ಓಡಬೇಡಿ.

ಭಾಗ 2/8
(ಫೋಟೋ: ಕಾಪು ಲೈಟ್‌ಹೌಸ್, ಬೆಳಿಗ್ಗೆ)

ಮೊದಲು ಒಂದು ಪ್ರಶ್ನೆ. ಈ ಲೈಟ್‌ಹೌಸ್ ಕಟ್ಟಿದ್ದು 1901ರಲ್ಲಿ. ಅದರ ಬೆಳಕು ಯಾರಿಗೆ ಬೇಕಿತ್ತು? ನಮ್ಮ ಹಾಗೆ ಸೆಲ್ಫಿ ತೆಗೆಯೋರಿಗಂತೂ ಅಲ್ಲ. ಹಡಗಿನವರಿಗೆ, ದೋಣಿಯವರಿಗೆ.

ನಾವು ಹೆದ್ದಾರಿಯನ್ನೇ ಕರಾವಳಿಯ ಬೆನ್ನುಮೂಳೆ ಅಂದುಕೊಂಡಿದ್ದೇವೆ. ಆದರೆ ತುಂಬಾ ಕಾಲದವರೆಗೆ ಇಲ್ಲಿನ ಹೆದ್ದಾರಿ ಕಡಲೇ. ಅಕ್ಕಿ, ಉಪ್ಪು, ಕಾಳುಮೆಣಸು, ಆಮೇಲೆ ಮಂಗಳೂರು ಹಂಚು, ಎಲ್ಲ ಹೋದದ್ದು ನೀರಿನ ಮೇಲೆ. ಲೆಕ್ಕ ಸುಲಭ. ನೆಲದ ಮೇಲೆ ಹೋದರೆ ಹತ್ತು ಕಡೆ ಸರಕು ಇಳಿಸಬೇಕು, ದೋಣಿಗೆ ಹೇರಬೇಕು, ಆಚೆ ದಡದಲ್ಲಿ ಮತ್ತೆ ಹೇರಬೇಕು. ಪ್ರತಿ ಸಲವೂ ಕೂಲಿ. ಮಂಜಿಗೆ ಒಮ್ಮೆ ತುಂಬಿಸಿದರೆ ಇಳಿಸೋದು ಸೇರಬೇಕಾದ ಬಂದರಿನಲ್ಲೇ. ನಮ್ಮ ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ಈ ಉದಾಹರಣೆ ಇದ್ದಿದ್ರೆ ನನಗೆ ಇನ್ನೂ ಹತ್ತು ಮಾರ್ಕ್ಸ್ ಜಾಸ್ತಿ ಬರ್ತಿತ್ತು.

ದೊಡ್ಡವರೂ ಹೀಗೇ ಬಂದದ್ದು. ಶಿವಾಜಿ 1665ರಲ್ಲಿ ನಮ್ಮ ಬಸ್ರೂರಿಗೆ ದಾಳಿಗೆ ಬಂದದ್ದು ಹಡಗುಗಳಲ್ಲಿ. ಅದಕ್ಕೂ ಮೊದಲು, 1623ರಲ್ಲಿ, ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವಾದಿಂದ ಹೊನ್ನಾವರಕ್ಕೆ ಸಮುದ್ರದಲ್ಲಿ ಬಂದ, ಅಲ್ಲಿಂದ ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಹೋದ, ಆಮೇಲೆ ಘಟ್ಟ ಹತ್ತಿ ಇಕ್ಕೇರಿ ಸೇರಿದ. ಅದೇ ಪ್ರವಾಸದಲ್ಲಿ ಅವನು ಉಳ್ಳಾಲದ ರಾಣಿಯನ್ನು ಕಂಡದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ಬರಿಗಾಲಲ್ಲಿ ನಡೆಯುತ್ತಾ, ನೀರಿನ ಕಾಲುವೆ ಕೆಲಸ ನೋಡೋಕೆ ಹೊರಟಿದ್ದರಂತೆ. ಉಳ್ಳಾಲದಲ್ಲಿ ಸೂರ್ಯಾಸ್ತ ತೆಗೆಯುವಾಗ ಈ ಚಿತ್ರವನ್ನೂ ಒಮ್ಮೆ ಮನಸ್ಸಲ್ಲಿ ಇಟ್ಕೊಳ್ಳಿ.

ಭಾಗ 3/8
(ಫೋಟೋ: ದಾರಿ ಬದಿಯ ಮರದ ಬೆಂಚು, ಖಾಲಿ ಗ್ಲಾಸು)

ಹಾಗಾದರೆ ನೆಲದ ಮೇಲೆ ದಾರಿಯೇ ಇರಲಿಲ್ವಾ? ಇತ್ತು. ಅದನ್ನು ಬರೆದಿಟ್ಟವನು ಮೊರಾಕ್ಕೋದ ಇಬ್ನ್ ಬತೂತ, 1340ರ ದಶಕದಲ್ಲಿ ಈ ಕರಾವಳಿಯಲ್ಲಿ ಓಡಾಡಿದವನು. ಗೋವಾದಿಂದ ಕೊಲ್ಲಂವರೆಗಿನ ಇಡೀ ದಾರಿ ಎರಡು ತಿಂಗಳ ಪ್ರಯಾಣ, ಉದ್ದಕ್ಕೂ ಮರದ ನೆರಳು ಅಂತಾನೆ. ಪ್ರತಿ ಅರ್ಧ ಮೈಲಿಗೆ ಮರದ ಒಂದು ಚಪ್ಪರದಂಥ ಮನೆ, ಅದರಲ್ಲಿ ಕೂರೋಕೆ ಬೆಂಚು, ಪಕ್ಕದಲ್ಲಿ ಬಾವಿ, ನೀರು ಕೊಡೋಕೆ ಒಬ್ಬ ಮನುಷ್ಯ. ಸವಾರಿ ಮಾಡುವ ಪ್ರಾಣಿ ಕಾಣಸಿಗೋದೇ ಅಪರೂಪ. ಉಳ್ಳವರಿಗೆ ಪಲ್ಲಕ್ಕಿ, ಉಳಿದವರಿಗೆ ಕಾಲು, ಸರಕಿಗೆ ಕೂಲಿಯವರ ತಲೆ. ಇಷ್ಟು ಸುರಕ್ಷಿತ ದಾರಿ ಬೇರೆ ಎಲ್ಲೂ ಕಂಡಿಲ್ಲ ಅಂತಾನೂ ಬರೆದಿದ್ದಾನೆ. ಆದರೆ ಕಾರಣ ಕೇಳಿ: ಒಂದು ಕಾಯಿ ಕದ್ದರೂ ಕೊಲ್ಲುತ್ತಿದ್ದರಂತೆ.

ಎಲ್ಲ ಚೆಂದವೇ ಇತ್ತು ಅಂತ ನಾನು ಹೇಳಲ್ಲ. ಬೆಂಚಿನ ಮೇಲೆ ಯಾರು ಬೇಕಾದರೂ ಕೂರಬಹುದಿತ್ತು, ಆದರೆ ನೀರು ಕೊಡುವಾಗ ಮುಸ್ಲಿಮರಿಗೆ ಪಾತ್ರೆ ಕೊಡದೆ ಬೊಗಸೆಗೆ ಹೊಯ್ಯುತ್ತಿದ್ದರು ಅಂತ ಅವನೇ ಬರೆದಿದ್ದಾನೆ. ಅವನ ಕಣ್ಣಿಗೆ ಎರಡೂ ಬಿದ್ದಿದೆ, ಹಾಗಾಗಿ ನಾವೂ ಎರಡನ್ನೂ ಹೇಳಬೇಕು.

ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ ಎಣಿಸಿದ್ದಾನೆ. ಸುಮಾರು 680 ವರ್ಷದ ಹಿಂದೆ! ಅಲ್ಲಿಂದ ಮುಂದೆ ಬಸ್ರೂರು, ಬಾರ್ಕೂರು, ಮಂಗಳೂರಿನ ಹೆಸರೂ ಅವನ ಪುಸ್ತಕದಲ್ಲಿದೆ. ನಮ್ಮ ಪಟ್ಟಿಯಲ್ಲಿ ಬಸ್ರೂರು, ಬಾರ್ಕೂರು ಎರಡೂ ಇರಲಿಲ್ಲ. ಮನೆಯಿಂದ ಬಸ್ರೂರಿಗೆ ಸ್ಕೂಟಿಯಲ್ಲಿ ಹೋದರೆ ಕಾಲು ಗಂಟೆ ಆಯ್ತು, ನಾಚಿಕೆ ಆಯ್ತು.

ಆ ಬೆಂಚನ್ನು ಮಾತ್ರ ನೆನಪಿಡಿ. ಭಾಗ 7ರಲ್ಲಿ ಮತ್ತೆ ಬರುತ್ತೆ.

ಭಾಗ 4/8
(ಫೋಟೋ: ಮಿರ್ಜಾನ್ ಕೋಟೆಯ ಗೋಡೆ, ಪಾಚಿ)

ಕುಮಟಾ ದಾಟಿದ ಮೇಲೆ ಅಘನಾಶಿನಿ ಹತ್ತಿರ ಸಿಗುವ ಕೋಟೆ ಇದು. ಎಲ್ಲರೂ ಹಸಿರು ಗೋಡೆ ಫೋಟೋ ತೆಗೆದು ಹೊರಟು ಹೋಗ್ತಾರೆ. ಹೊರಡುವ ಮುಂಚೆ ಒಂದು ಸಲ ಕೇಳಿಕೊಳ್ಳಿ, ಇಷ್ಟು ದೊಡ್ಡ ಕೋಟೆ ಇಲ್ಲಿ ಯಾಕೆ?

ಉತ್ತರ ಕಾಳುಮೆಣಸು. ಘಟ್ಟದ ಮೇಲಿನ ಮೆಣಸು ಹೊಳೆಯಲ್ಲಿ ಇಳಿದು ಬಂದರಿಗೆ ಬರಬೇಕು. ಹೊಳೆಬಾಯಿ ಯಾರ ಕೈಯಲ್ಲಿದೆಯೋ ವ್ಯಾಪಾರ ಅವರ ಕೈಯಲ್ಲಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೆ ಪೋರ್ಚುಗೀಸರು "ಮೆಣಸಿನ ರಾಣಿ" ಅಂತ ಹೆಸರಿಟ್ಟದ್ದು ಪ್ರೀತಿಗಲ್ಲ, ಅವಳ ಹತ್ತಿರ ಕೈಚಾಚದೆ ಮೆಣಸು ಸಿಗುತ್ತಿರಲಿಲ್ಲ ಅಂತ. 16ನೇ ಶತಮಾನದ ಅವಳ ಆಳ್ವಿಕೆ 50 ವರ್ಷ ದಾಟಿದೆ. ಮಿರ್ಜಾನ್ ಕೋಟೆಗೆ ಅವಳ ಹೆಸರು ಅಂಟಿಕೊಂಡಿರುವುದು ಅದಕ್ಕೇ.

ಈಗ ಅಜ್ಜನ ಗೆರೆಗಳನ್ನು ಮತ್ತೊಮ್ಮೆ ನೋಡಿ. ಕಡಲಿನ ಉದ್ದಗೆರೆಗೆ ಹೊಳೆಯ ಅಡ್ಡಗೆರೆ ಸೇರುವಲ್ಲೆಲ್ಲ ಒಂದು ಊರಿದೆ: ಮಂಗಳೂರು, ಗಂಗೊಳ್ಳಿ, ಹೊನ್ನಾವರ, ತದಡಿ, ಕಾರವಾರ. ಇವು ಹೆದ್ದಾರಿಗಾಗಿ ಹುಟ್ಟಿದ ಊರುಗಳಲ್ಲ, ಹೊಳೆಬಾಯಿಯ ಊರುಗಳು. ರಸ್ತೆ ಆಮೇಲೆ ಬಂದು ಇವನ್ನು ಪೋಣಿಸಿತು, ಅಷ್ಟೇ.

ಭಾಗ 5/8
(ಫೋಟೋ: ಉಡುಪಿ ಜಿಲ್ಲೆ ಮುಗಿದು ಉತ್ತರ ಕನ್ನಡ ಶುರುವಾಗುವ ಜಾಗ)

ಈ ಫೋಟೋಗೆ ಲೈಕ್ ಬರಲ್ಲ ಅಂತ ಗೊತ್ತು. ಆದರೂ ಹಾಕ್ತೀನಿ.

1799ರಲ್ಲಿ ಟಿಪ್ಪು ಸತ್ತ ಮೇಲೆ ಈ ಕರಾವಳಿ ಇಂಗ್ಲಿಷ್ ಕಂಪನಿಗೆ ಹೋಯ್ತು, ಮದ್ರಾಸಿನ ಕೆಳಗೆ. 1801ರಲ್ಲಿ ಫ್ರಾನ್ಸಿಸ್ ಬುಕನನ್ ಅನ್ನೋ ವೈದ್ಯ ಮಂಗಳೂರಿನಿಂದ ಉತ್ತರಕ್ಕೆ, ಹೆಚ್ಚುಕಡಿಮೆ ನಮ್ಮದೇ ರೂಟಿನಲ್ಲಿ ಹೊರಟ. ಅವನಿಗೆ ಸೂರ್ಯಾಸ್ತ ಬೇಕಿರಲಿಲ್ಲ. ಹೋದಲ್ಲೆಲ್ಲ ಯಾವ ಬೆಳೆ, ಎಷ್ಟು ಗೇಣಿ, ಉಪ್ಪು ಹೇಗೆ ಮಾಡ್ತಾರೆ, ಇದೇ ವಿಚಾರಣೆ. ಹೊಸ ಮಾಲೀಕರು ಕಳಿಸಿದ ಆಡಿಟರ್ ಅನ್ನಿ.

1862ರಲ್ಲಿ ಲೆಕ್ಕ ಬದಲಾಯ್ತು. ಅಮೆರಿಕದಲ್ಲಿ ಅಂತರ್ಯುದ್ಧ, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರ್ತಿಲ್ಲ. ಧಾರವಾಡದ ಹತ್ತಿಯನ್ನು ಕಾರವಾರ ಬಂದರಿಗೆ ಇಳಿಸಬೇಕು. ಧಾರವಾಡ ಇದ್ದದ್ದು ಬೊಂಬಾಯಿ ಪ್ರಾಂತದಲ್ಲಿ, ಹಾಗಾಗಿ ಉತ್ತರ ಕನ್ನಡವನ್ನೂ ಬೊಂಬಾಯಿಗೆ ಸೇರಿಸಿದರು. ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು. ಭಟ್ಕಳ ಬೊಂಬಾಯಿ, ಬೈಂದೂರು ಮದ್ರಾಸು. ಎರಡೂ ಕಡೆ ಅದೇ ಮೀನು, ಅದೇ ತೆಂಗು, ಆದರೆ ಕಚೇರಿ ಬೇರೆ.

ಸರಕಾರದ ದುಡ್ಡು ಹೋದದ್ದು ಯಾವ ರಸ್ತೆಗೆ? ಘಟ್ಟದಿಂದ ಬಂದರಿಗೆ ಇಳಿಯುವ ರಸ್ತೆಗೆ. ಹತ್ತಿ, ಕಾಫಿ, ಮೆಣಸು ಅಲ್ಲಿಂದ ತಾನೇ ಬರೋದು? ಬಂದರಿನಿಂದ ಬಂದರಿಗೆ ಹೋಗುವ ಉದ್ದ ರಸ್ತೆಗೆ ಅಂಥ ಅವಸರ ಇರಲಿಲ್ಲ, ಆ ಕೆಲಸಕ್ಕೆ ಕಡಲು ಪುಕ್ಕಟೆ ಇತ್ತಲ್ಲ. 1956ರ ನವೆಂಬರ್ 1ಕ್ಕೆ ಎರಡು ಕನ್ನಡ ಜಿಲ್ಲೆಗಳೂ ಒಂದೇ ರಾಜ್ಯಕ್ಕೆ ಬಂದವು. ಆಗ ಮಂಗಳೂರು-ಕಾರವಾರ ಅನ್ನೋದು ಒಂದೇ ಮನೆಯ ಒಳಗಿನ ದಾರಿ ಆಯ್ತು. ಆದರೆ ಹೊಳೆಗಳು ಹಾಗೇ ಇದ್ದವು.

ಭಾಗ 6/8
(ಫೋಟೋ: ಕಾಳಿ ಹೊಳೆ, ಸಂಜೆ)

ಈಗ ಅಜ್ಜನ ಸರದಿ.

ಸೇತುವೆ ಇಲ್ಲದ ಕಾಲದಲ್ಲಿ ಬಸ್ಸು ದಡದಲ್ಲಿ ನಿಲ್ತಿತ್ತು. ಜನ ಗಂಟುಮೂಟೆ ಹೊತ್ತು ಇಳಿದು, ದೋಣಿಯಲ್ಲೋ ಲಾಂಚಿನಲ್ಲೋ ದಾಟಿ, ಆಚೆ ಬೇರೆ ಬಸ್ಸು ಹತ್ತಬೇಕು. ಲಾರಿಯಾದರೆ ಸರದಿ ಕಾಯಬೇಕು. ಕಾಳಿ ದಂಡೆಯಲ್ಲಿ ಇಡೀ ರಾತ್ರಿ ಲಾರಿ ಕೆಳಗೆ ಗೋಣಿ ಹಾಸಿ ಮಲಗಿದ್ದು ಅಜ್ಜನಿಗೆ ಈಗಲೂ ನೆನಪಿದೆ. ಹೀಗೆ ದಾಟುವ ಜಾಗಕ್ಕೆ ನಮ್ಮ ಕಡೆ ಕಡವು ಅಂತಾರೆ, ಹೊನ್ನಾವರ, ಕುಮಟಾ ಕಡೆ ತಾರಿ. ಸೇತುವೆ ಬಂದು ಎಷ್ಟೋ ವರ್ಷವಾದರೂ ಆ ಹೆಸರುಗಳು ಊರಿಗೆ ಅಂಟಿಕೊಂಡೇ ಇವೆ. ಯಾವುದಾದರೂ ಬೋರ್ಡಿನಲ್ಲಿ ಕಂಡರೆ ಗಾಡಿ ನಿಲ್ಲಿಸಿ, ಅಲ್ಲೊಂದು ಹಳೇ ದಡ ಇರುತ್ತೆ.

1980ರ ದಶಕದಲ್ಲಿ ಕಾಳಿಗೆ ಸೇತುವೆ ಬಂತು. ಮೊದಲ ಸಲ ಲಾರಿಯಲ್ಲಿ ದಾಟಿದಾಗ ಡ್ರೈವರ್ ನಡುಮಧ್ಯೆ ನಿಧಾನ ಮಾಡಿ ಕೆಳಗೆ ತೋರಿಸಿದರಂತೆ, "ಕಾಣ್, ಅಲ್ಲೇ ನಾವ್ ಮನಿಕಂಡದ್."

2024ರ ಆಗಸ್ಟ್ 7ರ ನಡುರಾತ್ರಿ ಆ ಹಳೇ ಸೇತುವೆ ಕುಸಿಯಿತು. ಒಂದು ಲಾರಿ ಹೊಳೆಗೆ ಬಿತ್ತು. ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಬದುಕಿಸಿದರು. ಪಕ್ಕದ ಹೊಸ ಸೇತುವೆ ಉಳಿದಿತ್ತು. ಬೆಳಿಗ್ಗೆ ಟಿವಿಯಲ್ಲಿ ಅದನ್ನು ನೋಡಿ ಅಜ್ಜ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದದ್ದು ಇಷ್ಟು: "ನಂಗಿಂತ ಸಣ್ಣದ್, ನಂಗಿಂತ ಮುಂಚೆ ಹೋಯ್ತ್."

ಚಾಲಕನನ್ನು ನೀರಿನಿಂದ ಎತ್ತಿದ್ದು ದೋಣಿಯವರು. ಸೇತುವೆ ಕೈಕೊಟ್ಟ ರಾತ್ರಿ ಕಾಳಿಗೆ ಮತ್ತೆ ದೋಣಿಯೇ ಬೇಕಾಯ್ತು.

ಭಾಗ 7/8
(ಫೋಟೋ ಇಲ್ಲ)

ಈ ಭಾಗಕ್ಕೆ ಕಪ್ಪು ಚೌಕ ಹಾಕಿದ್ದೇನೆ. ತಪ್ಪಾಗಿ ಅಪ್‌ಲೋಡ್ ಆದದ್ದಲ್ಲ.

ನಮ್ಮ ಪಟ್ಟಿಯಲ್ಲಿ ಇನ್ನೊಂದು ಸ್ಟಾಪ್ ಇತ್ತು. 2023ರಲ್ಲಿ ನಾನೇ ಸೇವ್ ಮಾಡಿಟ್ಟ ಒಂದು ರೀಲ್‌ನಿಂದ ಬಂದದ್ದು: "ಅಂಕೋಲಾ ಹತ್ತಿರ, ರಿವರ್ ವ್ಯೂ, ಟೀ ಬ್ರೇಕ್." ಮ್ಯಾಪ್ ಹಾಕಿ ನೋಡಿದಾಗ ಗೊತ್ತಾಯ್ತು, ಅದು ಶಿರೂರು. (ಭಟ್ಕಳಕ್ಕಿಂತ ಮೊದಲು ಸಿಗುವ ನಮ್ಮ ಬೈಂದೂರಿನ ಶಿರೂರು ಅಲ್ಲ, ಗಂಗಾವಳಿ ಬದಿಯದ್ದು.)

2024ರ ಜುಲೈ 16ರಂದು, ಜೋರು ಮಳೆಯಲ್ಲಿ, ಅಲ್ಲಿ ಗುಡ್ಡ ಹೆದ್ದಾರಿ ಮೇಲೆ ಜಾರಿತು. ದಾರಿ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಲ್ಲಿಸಿದ್ದ ಗಾಡಿಗಳು, ಎಲ್ಲ ಹೋದವು. ಗ್ಯಾಸ್ ಟ್ಯಾಂಕರ್ ಹೊಳೆಗೆ ಬಿತ್ತು. ಕೇರಳದ ಒಬ್ಬ ಲಾರಿ ಚಾಲಕನಿಗಾಗಿ ಎರಡು ರಾಜ್ಯದ ಜನ ದಿನಾ ಟಿವಿ ಮುಂದೆ ಕಾದರು. ಲಾರಿ ಗಂಗಾವಳಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ರಸ್ತೆ ಅಗಲ ಮಾಡೋಕೆ ಗುಡ್ಡವನ್ನು ನೇರಕ್ಕೆ ಕಡಿದದ್ದರ ಬಗ್ಗೆ ಆಗ ತುಂಬಾ ಚರ್ಚೆ ನಡೆಯಿತು.

ಆ ಬೆಂಚು ನೆನಪಿದೆಯಾ? ಅರ್ಧ ಮೈಲಿಗೊಂದು ಬೆಂಚು, ಬಾವಿ, ನೀರು ಕೊಡುವ ಮನುಷ್ಯ. ಕೋಟೆ ಬಿತ್ತು, ಮೆಣಸಿನ ವ್ಯಾಪಾರ ಹೋಯ್ತು, ಪ್ರಾಂತದ ಗಡಿಗಳು ಅಳಿಸಿದವು. ಆದರೆ ದೂರದ ದಾರಿಯವರಿಗೆ ಕೂರೋಕೆ ಜಾಗ, ಕುಡಿಯೋಕೆ ಏನಾದರೂ ಕೊಡುವ ಕೆಲಸ ಈ ದಾರಿಯಲ್ಲಿ ನಿಂತಿಲ್ಲ. ಚಹಾ ಅಂಗಡಿ ಅಂದ್ರೆ ಅದೇ. ಆವತ್ತು ಮಣ್ಣಿನಡಿ ಹೋದದ್ದು ಈ ದಾರಿಯ ಅತ್ಯಂತ ಹಳೇ ಕೆಲಸ ಮಾಡುತ್ತಿದ್ದವರು.

ಅಜ್ಜ ಆ ಸ್ಟಾಪ್ ಹೊಡೆದು ಹಾಕಿದ್ದರು: "ಗುಡ್ಡಿ ಕಡ್ದಲ್ಲಿ ನಿಲ್ಲೂದ್ ಬ್ಯಾಡ." ನಾವು ನಿಲ್ಲಿಸಲಿಲ್ಲ. ಕಾರಿನಲ್ಲಿ ಹಾಡು ಆಫ್ ಮಾಡಿದ್ವಿ, ಅಷ್ಟೇ. ಆ ರೀಲನ್ನು ನಾನು ಇನ್ನೂ ಡಿಲೀಟ್ ಮಾಡಿಲ್ಲ. ಅದರಲ್ಲಿ ಚಹಾ ಅಂಗಡಿ ಇನ್ನೂ ಇದೆ, ಹೊಗೆ ಏಳ್ತಾ ಇದೆ.

ಭಾಗ 8/8
(ಫೋಟೋ: ಮರವಂತೆ, ಒಂದು ಕಡೆ ಕಡಲು, ಒಂದು ಕಡೆ ಸೌಪರ್ಣಿಕಾ)

ಈಗ ನಿಮ್ಮ ಪ್ಲಾನ್. ಸ್ಕ್ರೀನ್‌ಶಾಟ್ ತಗೊಳ್ಳಿ.

ದಿನ 1: ಬೆಳಿಗ್ಗೆ 6ಕ್ಕೆ ಮಂಗಳೂರು ಬಿಡಿ. ಕಾಪು ಲೈಟ್‌ಹೌಸ್ ಬೆಳಿಗ್ಗೆಯೇ ತೆಗೀರಿ, ಸೂರ್ಯ ಘಟ್ಟದ ಕಡೆಯಿಂದ ಬರೋದ್ರಿಂದ ಬೆಳಕು ಗೋಪುರದ ಮೇಲೆ ಬೀಳುತ್ತೆ. ಮಲ್ಪೆಯಿಂದ ಸೇಂಟ್ ಮೇರಿಸ್‌ಗೆ ಬೋಟು, ಮಳೆಗಾಲದಲ್ಲಿ ಇರಲ್ಲ. ಅಲ್ಲಿನ ಕಲ್ಲಿನ ಕಂಬಗಳು ಲಾವಾ ತಣಿದು ಆದದ್ದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಮಧ್ಯಾಹ್ನ ಬಾರ್ಕೂರು, ಬಸ್ರೂರು. ಸಂಜೆ ಮರವಂತೆಯಲ್ಲಿ ಕಡಲಿನ ಕಡೆ. ಹೆದ್ದಾರಿ ಮಧ್ಯೆ ನಿಂತು ಪೋಸ್ ಕೊಡಬೇಡಿ, ಲಾರಿಯವರಿಗೆ ನಿಮ್ಮ ಫ್ರೇಮ್ ಗೊತ್ತಾಗಲ್ಲ.

ದಿನ 2: ಮುಂಜಾನೆ ಮತ್ತೆ ಮರವಂತೆ, ಈ ಸಲ ಹೊಳೆ ಕಡೆ. ಹೊನ್ನಾವರದಲ್ಲಿ ಶರಾವತಿ ಮೇಲಿನ ರೈಲು ಸೇತುವೆ, ಎರಡು ಕಿಲೋಮೀಟರಿಗೂ ಉದ್ದ. ಆಮೇಲೆ ಮಿರ್ಜಾನ್. ಬೇಸಿಗೆಯಾದರೆ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಆಕಾಶದ ಪ್ರತಿಬಿಂಬ ಸಿಗುತ್ತೆ. ಕೆಲಸ ಮಾಡುವವರ ಫೋಟೋ ಕೇಳಿ ತೆಗೀರಿ. ತದಡಿಯಿಂದ ಅಘನಾಶಿನಿ ಊರಿಗೆ ಈಗಲೂ ದೋಣಿಯಲ್ಲಿ ದಾಟಬಹುದು, ತಪ್ಪಿಸಬೇಡಿ. ಕಾರವಾರದ ಹತ್ತಿರ ನೌಕಾನೆಲೆ ಇದೆ, ಡ್ರೋನ್ ಬ್ಯಾಗಿನಿಂದ ತೆಗೆಯಲೇಬೇಡಿ. ಸಂಜೆ ಸದಾಶಿವಗಡದ ಕಡೆಯಿಂದ ಕಾಳಿ.

ಮಳೆ ಜೋರಿದ್ದರೆ ಟ್ರಿಪ್ ಮುಂದೂಡಿ. ಕಡಿದ ಗುಡ್ಡದ ಕೆಳಗೆ ಚಹಾಕ್ಕೂ ನಿಲ್ಲಬೇಡಿ. ಬಯಲಲ್ಲಿರುವ ಅಂಗಡಿ ಕಂಡರೆ ಖಂಡಿತ ನಿಲ್ಲಿ, ಬೆಂಚಿನ ಮೇಲೆ ಕೂರಿ, ದುಡ್ಡು ಕೊಡುವಾಗ ಹೆಸರು ಕೇಳಿ.

ಕಾರವಾರದಿಂದ ಅಜ್ಜನಿಗೆ ವಿಡಿಯೋ ಕಾಲ್ ಮಾಡಿ ಕಾಳಿ ತೋರಿಸಿದೆ. "ಎಷ್ಟ್ ಹೊಳಿ ಆಯ್ತ್?" ಅಂದ್ರು. ಹತ್ತು ಅಂದೆ. "ದೋಣಿಯಗೆ ಎಷ್ಟ್ ದಾಟ್ದ್ಯಾ?" ಒಂದೇ ಅಂದೆ. ನಕ್ಕು ಫೋನ್ ಇಟ್ಟರು.

ನಿಮ್ಮ ಊರಿನ ಕಡವು, ತಾರಿ ಯಾವುದು? ಕಾಮೆಂಟಲ್ಲಿ ಹೆಸರು ಬರೀರಿ. ಮನೆಯಲ್ಲಿ ಹಿರಿಯರಿದ್ದರೆ ಮೊದಲು ಅವರನ್ನು ಕೇಳಿ, ಮ್ಯಾಪ್ ಆಮೇಲೆ ನೋಡಿ.

#ಕರಾವಳಿ #ಹೊಳೆಸಾಲು #ಕುಂದಾಪ್ರ #ಕಾರವಾರ