ಎಳೆಯರ ಪರಿಸರಪಾಠ: ಕೃಷ್ಣಾ ತೀರದ ಯಡೂರು ಸೀಮೆ

ಗಿಡ, ಪ್ರಾಣಿ, ನೀರು, ಮಣ್ಣು ಒಂದಕ್ಕೊಂದು ಆಸರೆಯಾಗಿ ಬಾಳುವ ಬಗೆಯನ್ನು ಆರೇಳು ವರ್ಷದ ಮಕ್ಕಳಿಗೆ ತಿಳಿಸುವ ಕಲಿಕೆಗೆ ಎಳೆಯರ ಪರಿಸರಪಾಠ ಎನ್ನಬಹುದು. ಇದರ ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿ ಒಂದಿದೆ. ಬೆಳೆಯುವ ಗಿಡವೂ ಅದನ್ನು ತಿನ್ನುವ ಪ್ರಾಣಿಯೂ ಪಾಠದೊಳಗೆ ಬೇಗ ಬಂದವು; ಸತ್ತದ್ದನ್ನು ಕೊಳೆಸಿ ಮತ್ತೆ ಮಣ್ಣಾಗಿಸುವ ಜೀವಿಗಳು ಕಡೆಗೆ, ಅದೂ ಒಂದು ಸಾಲಿನಲ್ಲಿ ಬಂದವು. ಚಿಕ್ಕೋಡಿ ತಾಲ್ಲೂಕಿನ ಯಡೂರು ಈ ಮಾತನ್ನು ಪರೀಕ್ಷಿಸಲು ತಕ್ಕ ಊರು. ವೀರಭದ್ರ ದೇವಸ್ಥಾನಕ್ಕೆ ಹೆಸರಾದ ಈ ಊರಿನ ಒಂದು ಮಗ್ಗುಲಿಗೆ ಕೃಷ್ಣೆ, ಸುತ್ತ ಕಬ್ಬಿನ ಎರೆಭೂಮಿ. ಇಲ್ಲಿ ಮಣ್ಣನ್ನು ಬಿಟ್ಟು ಪರಿಸರ ಹೇಳಹೊರಟರೆ ಅಡಿಪಾಯವಿಲ್ಲದ ಮನೆ ಕಟ್ಟಿದ ಹಾಗೆ.

ಪಾಠ ಹಳೆಯದು, ಅದರ ಪರಿಭಾಷೆ ಹೊಸದು. ಜರ್ಮನಿಯಲ್ಲಿ ಶಿಕ್ಷಣತಜ್ಞ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಶಿಶುಶಾಲೆಯಲ್ಲಿ ಮಕ್ಕಳು ಸಸಿ ನೆಟ್ಟು ಸಾಕುವುದೂ ಕಲಿಕೆಯೇ ಆಗಿತ್ತು. 'ಇಕಾಲಜಿ' (ಪರಿಸರವಿಜ್ಞಾನ) ಎಂಬ ಮಾತನ್ನು ಜೀವವಿಜ್ಞಾನಿ ಹೆಕೆಲ್ ಟಂಕಿಸಿದ್ದು 1866ರಲ್ಲಿ. ಸಸ್ಯವಿಜ್ಞಾನಿ ಟ್ಯಾನ್ಸ್‌ಲಿ 'ಇಕೋಸಿಸ್ಟಮ್' (ಪರಿಸರ ವ್ಯವಸ್ಥೆ) ಎಂದದ್ದು 1935ರಲ್ಲಿ. ನಡುವೆ, 1881ರಲ್ಲಿ, ಡಾರ್ವಿನ್ ತನ್ನ ಕಡೆಯ ಪುಸ್ತಕವನ್ನು ಎರೆಹುಳುವಿಗೇ ಮೀಸಲಿಟ್ಟ. ಪಠ್ಯ ಬರೆಯುವವರು ಆ ಹುಳುವಿನ ಜಾಡು ಹಿಡಿದಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತೇನೋ. ಯಡೂರು ಇರುವ ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿತ್ತು; ಹಾಗಾಗಿ ಇಲ್ಲಿನ ಶಾಲೆಯ ಹಿನ್ನೆಲೆಯನ್ನು ಆ ಕಡೆಯ ಪ್ರಯೋಗಗಳಲ್ಲೂ ನೋಡಬೇಕು. ಕೈಕಸುಬಿನ ಮೂಲಕ ಕಲಿಸಬೇಕೆಂಬ ಗಾಂಧೀಜಿಯವರ ವಾರ್ಧಾ ಯೋಜನೆ 1937ರಲ್ಲಿ ಮೂಡಿತು. ಅದೇ ಮುಂಬಯಿ ಪ್ರಾಂತದ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ 1945ರಲ್ಲಿ ಹಳ್ಳಿಯ ಎಳೆಯರ ಶಿಕ್ಷಣಕ್ಕೆ ಕೈಹಾಕಿದರು. ಮುಂದೆ ಕೋಸಬಾಡದಲ್ಲಿ ಅನುತಾಯಿ ವಾಘ್ ಅವರೊಡನೆ ದನ ಕಾಯುವ ಮಕ್ಕಳಿದ್ದ ಹುಲ್ಲುಗಾವಲಿಗೇ ಶಾಲೆಯನ್ನು ಒಯ್ದರು.

ಶಾಲೆಗಿಂತ ಮೊದಲೇ ಈ ಸೀಮೆಯ ಮಕ್ಕಳ ಕೈಗೆ ಮಣ್ಣು ಹತ್ತಿತ್ತು. ಉತ್ತರ ಕರ್ನಾಟಕದಲ್ಲಿ ವರ್ಷಕ್ಕೆ ಐದು ಸಲ ಮಣ್ಣಿನ ಪೂಜೆ: ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಬಳಿಕ ನಾಗಪ್ಪ, ಗಣಪ, ಜೋಕುಮಾರ. ಎಲ್ಲವೂ ಮುಂಗಾರಿನಲ್ಲೇ ಬರುತ್ತವೆ. ಎತ್ತು ಮಾಡಲು ಯಾವ ಮಣ್ಣು ನಿಲ್ಲುತ್ತದೆ, ಯಾವುದು ಒಣಗಿ ಬಿರಿಯುತ್ತದೆ ಎಂಬುದನ್ನು ಮಗು ಕಿವುಚಿಯೇ ಅರಿಯುತ್ತದೆ. ಇದು ಭಕ್ತಿ, ವಿಜ್ಞಾನವಲ್ಲ ಎಂಬ ಆಕ್ಷೇಪ ಸರಿಯೇ. ಗುಳ್ಳವ್ವನನ್ನು ಕೂರಿಸಿದ ಮಾತ್ರಕ್ಕೆ ಮಣ್ಣಿನೊಳಗೆ ಬೂಷ್ಟೂ ಬ್ಯಾಕ್ಟೀರಿಯಾವೂ ಏನು ಮಾಡುತ್ತವೆ ಎಂಬುದು ತಿಳಿಯದು. ಆದರೆ ಆಚರಣೆ ಪಾಠವಲ್ಲದಿದ್ದರೂ ಪಾಠಕ್ಕೆ ಬೇಕಾದ ಅನುಭವ. ಶಾಲೆ ಅದನ್ನು ಹೊಸಿಲ ಹೊರಗೇ ಬಿಟ್ಟದ್ದು ನಷ್ಟ.

ಪಠ್ಯಕ್ರಮ ಬೆಳೆದದ್ದು ದಿಲ್ಲಿಯಿಂದ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ (ಎನ್‌ಸಿಇಆರ್‌ಟಿ) 1975ರ ಪಠ್ಯಕ್ರಮ ಚೌಕಟ್ಟಿನಲ್ಲಿ ಪ್ರಾಥಮಿಕ ಹಂತಕ್ಕೆ ಪರಿಸರ ಅಧ್ಯಯನವನ್ನು ತಂದಿತು. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದಿತು. 2005ರ ಚೌಕಟ್ಟು ಮೊದಲೆರಡು ತರಗತಿಗೆ ಅದನ್ನು ಭಾಷೆ, ಗಣಿತದಲ್ಲೇ ಬೆರೆಸಿ, ಮೂರನೆಯದರಿಂದ ಬೇರೆ ವಿಷಯವಾಗಿಸಿತು. ಕರ್ನಾಟಕದಲ್ಲಿ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಇಷ್ಟೆಲ್ಲ ಆದರೂ ಗೋಡೆಯ ಚಿತ್ರದಲ್ಲಿ ಹುಲ್ಲು, ಮೊಲ, ಹುಲಿ ಬಾಣಗುರುತಿನಿಂದ ಕೂಡಿಕೊಂಡರೆ ಸಾಕೆನ್ನುವ ರೂಢಿ ಹೋಗಲಿಲ್ಲ. ಹುಲಿ ಸತ್ತ ಮೇಲೆ ಏನು ಎಂದು ಆ ಬಾಣ ಕೇಳುವುದಿಲ್ಲ.

ಸತ್ತದ್ದು ಮಣ್ಣಿಗೆ ಹೇಗೆ ಮರಳುತ್ತದೆ ಎಂಬ ಆ ಪ್ರಶ್ನೆಗೆ ಯಡೂರು ಸೀಮೆಯಲ್ಲಿ ಬದುಕಿನ ತೂಕವಿದೆ. ಕಬ್ಬಿಗೆ ಮೇಲಿಂದ ಮೇಲೆ ನೀರು ಬಿಟ್ಟು, ಬಸಿಯಲು ದಾರಿಯಿಲ್ಲದೆ, ನೀರು ಆರಿದ ಮೇಲೆ ಉಪ್ಪು ಮೇಲೇರಿ, ಕೃಷ್ಣಾ ತೀರದ ಎರೆಹೊಲಗಳು ಸವಳು ಜವಳಾಗಿವೆ. ಕಟಾವಾದ ಮೇಲೆ ರವದಿಗೆ (ಕಬ್ಬಿನ ಒಣಗರಿಗೆ) ಬೆಂಕಿ ಹಚ್ಚಿದರೆ ಮಣ್ಣಿಗೆ ಹಿಂತಿರುಗಬೇಕಾದದ್ದು ಹೊಗೆಯಾಗಿ ಹೋಗುತ್ತದೆ. ಹೊಳೆಯ ಪಾಠ ಇನ್ನೂ ದೊಡ್ಡದು. ಕೊಯ್ನಾ, ವಾರಣಾ, ಪಂಚಗಂಗೆಯರ ನೀರು ಮಹಾರಾಷ್ಟ್ರದಲ್ಲೇ ಕೃಷ್ಣೆಗೆ ಕೂಡುತ್ತದೆ. ದೂಧಗಂಗೆ ಈ ಭಾಗದಲ್ಲಿ ಸೇರುತ್ತದೆ. ಹಾಗಾಗಿ ಊರಲ್ಲಿ ಮಳೆ ಕಡಿಮೆಯಿದ್ದರೂ ಕಲ್ಲೋಳ-ಯಡೂರು ಸೇತುವೆ-ಬ್ಯಾರೇಜ್ ಮುಳುಗಬಹುದು. 2005, 2019, 2021ರ ಮಹಾಪೂರಗಳನ್ನು ಈ ಸೀಮೆ ಕಂಡಿದೆ. ಪರಿಸರಕ್ಕೆ ತಾಲ್ಲೂಕಿನ ಗಡಿಯಿಲ್ಲ ಎಂಬುದನ್ನು ಇಲ್ಲಿನ ಮಗುವಿಗೆ ನಕಾಶೆಗಿಂತ ಮೊದಲು ಮುಳುಗಿದ ಸೇತುವೆಯೇ ಹೇಳುತ್ತದೆ.

ಎರಡು ಆಕ್ಷೇಪ ಉಳಿಯುತ್ತವೆ. ಊರಿನದನ್ನೇ ಕಲಿತ ಮಗು ಹಿಂದುಳಿಯುತ್ತದೆ, ರಾಜ್ಯಕ್ಕೆಲ್ಲ ಒಂದೇ ಪಠ್ಯವಿದ್ದರೆ ನ್ಯಾಯ ಎನ್ನುವುದು ಒಂದು. ಪಠ್ಯ ಒಂದೇ ಇರಲಿ. ಉದಾಹರಣೆಯೂ ಒಂದೇ ಆಗಬೇಕಿಲ್ಲ. ಮಲೆನಾಡಿನ ತರಗೆಲೆ, ಕರಾವಳಿಯ ಕಾಂಡ್ಲಾ ಕೆಸರು, ಚಿಕ್ಕೋಡಿಯ ತಿಪ್ಪೆ ಹೇಳುವ ನಿಯಮ ಒಂದೇ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಆರು ವರ್ಷದವರಿಗೆ ನಿಲುಕದು ಎನ್ನುವುದು ಇನ್ನೊಂದು. ಹೆಸರು ನಿಲುಕದಿರಬಹುದು, ಕೆಲಸ ನಿಲುಕುತ್ತದೆ. ಇದಕ್ಕಾಗಿ ಮೊಸಳೆಗಳಿರುವ ಹೊಳೆದಂಡೆಗೆ ಮಕ್ಕಳನ್ನು ಕರೆದೊಯ್ಯಬೇಕಾಗಿಯೂ ಇಲ್ಲ. ಮುಂಗಾರಿನಲ್ಲಿ ಶಾಲೆಯ ಹಿತ್ತಲ ಗುಂಡಿಗೆ ರವದಿ, ಸೆಗಣಿ, ಜೊತೆಗೆ ಬಿಸ್ಕತ್ತಿನ ಒಂದು ಪ್ಲಾಸ್ಟಿಕ್ ಹಾಳೆ ಹಾಕಿ ಮುಚ್ಚಿ, ಸಂಕ್ರಾಂತಿ ಹೊತ್ತಿಗೆ ತೆಗೆದು ನೋಡಿದರೆ ರವದಿ ಕಪ್ಪಗೆ ಕಳಿತಿರುತ್ತದೆ, ಹುಳು ಹರಿದಾಡುತ್ತಿರುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲಿನ ಅಕ್ಷರಗಳನ್ನು ಮಕ್ಕಳು ಆಗಲೂ ಓದಬಹುದು.