ಏನನ್ನು ಉಣ್ಣುತ್ತದೆ, ಏನನ್ನು ಬಿಟ್ಟಿದೆ: ಬ್ಯಾಕ್ಟೀರಿಯಾ ವರ್ಗೀಕರಣದ ಒಂದು ದಾರಿ

ಸೂಕ್ಷ್ಮದರ್ಶಕದಲ್ಲಿ ಇ. ಕೋಲಿ ಮತ್ತು ಶಿಗೆಲ್ಲಾಗಳನ್ನು ಬೇರ್ಪಡಿಸಲಾಗದು. ಎರಡೂ ಪುಟ್ಟ ಕಡ್ಡಿಗಳು, ಗ್ರಾಮ್ ಬಣ್ಣ ಹಾಕಿದರೆ ಎರಡೂ ಗುಲಾಬಿ. ಆದರೆ ಒಂದರ ಹೆಚ್ಚಿನ ತಳಿಗಳು ನಮ್ಮ ಕರುಳಲ್ಲಿ ತೊಂದರೆ ಕೊಡದೆ ಬದುಕುತ್ತವೆ, ಇನ್ನೊಂದು ರಕ್ತಭೇದಿ ತರುತ್ತದೆ. ಆಕಾರದಿಂದ ಉಪಯೋಗವಿಲ್ಲವೆಂದು ಕಂಡಾಗ ವಿಜ್ಞಾನಿಗಳು ಆಹಾರದ ಕಡೆ ತಿರುಗಿದರು. 20ನೇ ಶತಮಾನದ ಆರಂಭದಲ್ಲಿ ಮೆಕಾಂಕಿ ರೂಪಿಸಿದ ಮಾಧ್ಯಮದಲ್ಲಿ ಪಿತ್ತಲವಣ, ಲ್ಯಾಕ್ಟೋಸ್ ಮತ್ತು ಆಮ್ಲಕ್ಕೆ ಬಣ್ಣ ಬದಲಿಸುವ ಸೂಚಕ ಇದ್ದವು. ಲ್ಯಾಕ್ಟೋಸ್ ಹುದುಗಿಸಬಲ್ಲ ಇ. ಕೋಲಿ ಕೆಂಪು ಕಾಲೊನಿ ಕಟ್ಟುತ್ತದೆ, ಶಿಗೆಲ್ಲಾ ಸಾಮಾನ್ಯವಾಗಿ ಬಣ್ಣವಿಲ್ಲದೆ ಉಳಿಯುತ್ತದೆ. 1909ರಲ್ಲಿ ಡೆನ್ಮಾರ್ಕಿನ ಓರ್ಲಾ-ಯೆನ್ಸೆನ್ ಇನ್ನೂ ಮುಂದೆ ಹೋಗಿ, ಬ್ಯಾಕ್ಟೀರಿಯಾಗಳ ಇಡೀ ವರ್ಗೀಕರಣವನ್ನೇ ಅವುಗಳ ಶರೀರಕ್ರಿಯೆಯ ಮೇಲೆ ನಿಲ್ಲಿಸಬೇಕೆಂದು ಸೂಚಿಸಿದ.

ಆ ಆಸೆಯನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದ್ದು ಸೂಡೊಮೊನಾಸ್ ಗುಂಪು. ಮಣ್ಣು ನೀರುಗಳಲ್ಲೆಲ್ಲ ಸಿಗುವ ಈ ಜೀವಿಗಳು ತಿನ್ನದ ವಸ್ತುವೇ ಕಡಿಮೆ. 1926ರಲ್ಲಿ ಡೆಲ್ಫ್ಟಿನ ಡೆನ್ ಡೋರೆನ್ ಡಿ ಯೊಂಗ್ ಸುಮಾರು ಇನ್ನೂರು ಸಾವಯವ ಸಂಯುಕ್ತಗಳನ್ನು ಒಂದೊಂದಾಗಿ ಕೊಟ್ಟು, ಯಾವುದರಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆಂದು ನೋಡಿದ. ನಾಲ್ಕು ದಶಕಗಳ ಬಳಿಕ, 1966ರಲ್ಲಿ, ಬರ್ಕ್ಲಿಯ ಸ್ಟೇನಿಯರ್, ಪಲ್ಲೆರೋನಿ ಮತ್ತು ಡೌಡೊರಾಫ್ 267 ತಳಿಗಳನ್ನು 146 ಸಂಯುಕ್ತಗಳ ಮೇಲೆ ಬೆಳೆಸಿ ನೋಡಿದ ಫಲಿತಾಂಶಗಳನ್ನು ನೂರಕ್ಕೂ ಹೆಚ್ಚು ಪುಟಗಳಲ್ಲಿ ಪ್ರಕಟಿಸಿದರು. ಈ ಕ್ಷೇತ್ರದಲ್ಲಿ ಇಷ್ಟು ತಾಳ್ಮೆಯ ಕೆಲಸ ಇನ್ನೊಂದಿಲ್ಲವೆಂದೇ ನನ್ನ ಭಾವನೆ. ಒಂದೇ ಸಕ್ಕರೆಯನ್ನು ನೆಚ್ಚದೆ, ಇಡೀ ಊಟದ ಪಟ್ಟಿಯನ್ನು ಒಟ್ಟಿಗೆ ಓದಿದ್ದು ಅವರ ಹೆಚ್ಚುಗಾರಿಕೆ. ಫ್ಲೋರೆಸೆನ್ಸ್ ಮತ್ತು ಪುಟಿಡಾದಂಥ ತೀರ ಹತ್ತಿರದ ಪ್ರಭೇದಗಳೂ ಹೀಗೆ ಬೇರ್ಪಟ್ಟವು: ಮೊದಲನೆಯದು ಜೆಲಟಿನ್ ಕರಗಿಸುತ್ತದೆ, ಟ್ರೆಹಲೋಸ್ ಬಳಸುತ್ತದೆ, ಎರಡನೆಯದು ಎರಡನ್ನೂ ಮಾಡದು. ಎಲ್ಲ ಲಕ್ಷಣಗಳಿಗೂ ಸಮಾನ ತೂಕ ಕೊಟ್ಟು ಲೆಕ್ಕ ಹಾಕುವ ವಿಧಾನವನ್ನು 1957ರಲ್ಲೇ ಸ್ನೀತ್ ಮುಂದಿಟ್ಟಿದ್ದ.

ಆದರೆ ಅನುಮಾನಕ್ಕೂ ಕಾರಣಗಳಿದ್ದವು. ಲ್ಯಾಕ್ಟೋಸ್ ಬಳಸುವ ಜೀನುಗಳು ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ತುಣುಕನ್ನು ಏರಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹೋಗಬಲ್ಲವು. ಆಮ್ಲಜನಕ ಇರುವಲ್ಲಿ ಸಿಟ್ರೇಟ್ ತಿನ್ನಲಾರದ್ದು ಎಂಬುದು ಇ. ಕೋಲಿಯ ಗುರುತುಗಳಲ್ಲೊಂದಾಗಿತ್ತು, ಆದರೆ ಇ. ಕೋಲಿಯನ್ನು ತಲೆಮಾರುಗಟ್ಟಲೆ ಬೆಳೆಸಿದ ಲೆನ್ಸ್ಕಿಯವರ ದೀರ್ಘ ಪ್ರಯೋಗದಲ್ಲಿ ಸುಮಾರು 31,000 ತಲೆಮಾರುಗಳ ಬಳಿಕ ಒಂದು ವಂಶ ಅದನ್ನೂ ತಿನ್ನತೊಡಗಿತು. ಇತ್ತ 1973ರಲ್ಲಿ ಪಲ್ಲೆರೋನಿ ಮತ್ತು ಸಂಗಡಿಗರು ರೈಬೋಸೋಮಿನ ಆರ್‌ಎನ್‌ಎ ಹೋಲಿಸಿದಾಗ, ಸೂಡೊಮೊನಾಸ್ ಎಂಬ ಒಂದೇ ಹೆಸರಿನಡಿ ಐದು ದೂರದ ಗುಂಪುಗಳಿರುವುದು ತಿಳಿಯಿತು. 1987ರ ಹೊತ್ತಿಗೆ ಪ್ರಭೇದದ ಗಡಿ ಡಿಎನ್‌ಎ ಹೋಲಿಕೆಯ ಶೇ. 70ಕ್ಕೆ ನಿಂತಿತು. ಆ ಅಳತೆಯಲ್ಲಿ ಶಿಗೆಲ್ಲಾ ಮತ್ತು ಇ. ಕೋಲಿ ಒಂದೇ ಪ್ರಭೇದ. ವೈದ್ಯಕೀಯ ರೂಢಿಯಿಂದಷ್ಟೇ ಎರಡು ಹೆಸರು ಉಳಿದಿವೆ. 95 ಇಂಗಾಲದ ಆಹಾರಗಳನ್ನು ಒಂದೇ ತಟ್ಟೆಯಲ್ಲಿ ಪರೀಕ್ಷಿಸಿ ನೇರಳೆ ಬಣ್ಣದಿಂದ ಉತ್ತರ ಕೊಡುವ ಸಾಧನಗಳು 1980ರ ದಶಕದ ಕೊನೆಗೆ ಬಂದರೂ, ಅವನ್ನು ಹೆಸರು ಗುರುತಿಸುವ ಉಪಕರಣವೆಂದೇ ಹೆಚ್ಚಾಗಿ ಕಂಡರು.

ಚಯಾಪಚಯಕ್ಕೆ ಮತ್ತೆ ಆಳವಾದ ಅರ್ಥ ಬಂದದ್ದು ಇಲ್ಲದಿರುವ ಲಕ್ಷಣಗಳನ್ನು ಪ್ರಶ್ನಿಸಿದಾಗ. ಹೆಚ್ಚಿನ ಇ. ಕೋಲಿ ತಳಿಗಳು ಲೈಸಿನ್ ಎಂಬ ಅಮೈನೊ ಆಮ್ಲದಿಂದ ಕ್ಯಾಡವರಿನ್ ತಯಾರಿಸುತ್ತವೆ, ಶಿಗೆಲ್ಲಾ ತಯಾರಿಸುವುದಿಲ್ಲ. 1998ರಲ್ಲಿ ಮೊರೆಲ್ಲಿಯ ತಂಡ ಕ್ಯಾಡವರಿನ್ ತಯಾರಿಕೆಯ ಜೀನನ್ನು ಶಿಗೆಲ್ಲಾಕ್ಕೆ ಮರಳಿಸಿದಾಗ ಅದರ ರೋಗಶಕ್ತಿ ಕುಗ್ಗಿತು. ಕ್ಯಾಡವರಿನ್ ಅದರ ವಿಷದ ಕೆಲಸಕ್ಕೆ ಅಡ್ಡಬರುತ್ತದೆ. ಗುರುತಿನ ಚೀಟಿಯಂತಿದ್ದ ಪರೀಕ್ಷೆಯೊಂದು ರೋಗಾಣು ರೋಗಾಣುವಾದ ಬಗೆಯನ್ನೇ ತೋರಿಸಿತು.

ಅದೇ ಬಗೆಯ ಇನ್ನೊಂದು ಉದಾಹರಣೆ ನಮ್ಮ ಕರಾವಳಿಗೂ ಸಂಬಂಧಿಸಿದ್ದು. ಮೆಲಿಯಾಯ್ಡೋಸಿಸ್ ಕಾಯಿಲೆಯ ಬ್ಯಾಕ್ಟೀರಿಯಾವನ್ನು ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ರಂಗೂನಿನಲ್ಲಿ ಗುರುತಿಸಿ, 1912ರಲ್ಲಿ ವಿವರಿಸಿದರು. ಸೂಡೊಮೊನಾಸ್ ಕುಲದಲ್ಲಿದ್ದ ಅದನ್ನು 1992ರಲ್ಲಿ ಯಾಬುಉಚಿ ತಂಡ ಬರ್ಕ್‌ಹೋಲ್ಡೇರಿಯಾ ಎಂಬ ಹೊಸ ಕುಲಕ್ಕೆ ಸೇರಿಸಿತು. ಅದರಂತೆಯೇ ಮಣ್ಣಿನಲ್ಲಿರುವ, ಆದರೆ ಕಾಯಿಲೆ ತರುವುದು ತೀರ ಅಪರೂಪವಾದ ಇನ್ನೊಂದು ಬಗೆ ಅರಬಿನೋಸ್ ಸಕ್ಕರೆಯನ್ನು ತಿನ್ನುತ್ತಿತ್ತು. 1998ರಲ್ಲಿ ಅದು ಬ. ಥಾಯ್ಲಾಂಡೆನ್ಸಿಸ್ ಎಂಬ ಪ್ರತ್ಯೇಕ ಪ್ರಭೇದವಾಯಿತು. 2004ರಲ್ಲಿ ಅರಬಿನೋಸ್ ಜೀನುಗಳನ್ನು ರೋಗಕಾರಕ ಸೋದರನಿಗೆ ಸೇರಿಸಿದಾಗ ಅದರ ದಾಳಿಯ ಜೀನುಗಳು ಮಂಕಾದವು, ಹ್ಯಾಮ್‌ಸ್ಟರ್‌ಗಳಲ್ಲಿ ಅದರ ಉಗ್ರತೆಯೂ ಇಳಿಯಿತು.

ಉಡುಪಿ, ಮಂಗಳೂರು ಭಾಗದಲ್ಲಿ ಮಳೆಗಾಲದಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಮಧುಮೇಹಿಗಳಿಗೆ ಅಪಾಯ ಹೆಚ್ಚು. ಪ್ರಯೋಗಾಲಯದಲ್ಲಿ ಇದನ್ನು ಬೇರೆ ಬ್ಯಾಕ್ಟೀರಿಯಾ ಎಂದು ಭ್ರಮಿಸಿದರೆ ಸರಿಯಾದ ಆಂಟಿಬಯೋಟಿಕ್ ತಡವಾಗುತ್ತದೆ, ಆ ತಡ ಪ್ರಾಣಕ್ಕೇ ಎರವಾಗಬಹುದು. ಬ್ಯಾಕ್ಟೀರಿಯಾಗಳ ಆಹಾರವನ್ನು ತಿಳಿಯುವ ದಾರಿಯೂ ಬದಲಾಗಿದೆ: ಈಗ ಇಡೀ ಜೀನೋಮ್ ಓದಿ, ಯಾವ ಬ್ಯಾಕ್ಟೀರಿಯಾ ಏನು ತಿನ್ನಬಲ್ಲದೆಂದು ಗಣಕದಲ್ಲೇ ಮಾದರಿ ಕಟ್ಟುತ್ತಾರೆ. 2013ರಲ್ಲಿ 55 ಇ. ಕೋಲಿ ಮತ್ತು ಶಿಗೆಲ್ಲಾ ತಳಿಗಳಿಗೆ ಹೀಗೆ ಮಾದರಿ ಕಟ್ಟಿ, ಅವುಗಳ ಪೋಷಣೆಯ ವ್ಯತ್ಯಾಸಗಳನ್ನು ಊಹಿಸಲಾಯಿತು. ಆದರೆ ಜೀನ್ ಇದ್ದರೂ ಅದು ಕೆಲಸ ಮಾಡದಿರಬಹುದು, ಒಂದು ಅಕ್ಷರದ ಬದಲಾವಣೆಯೂ ಕಿಣ್ವವನ್ನು ಕೆಡಿಸಬಲ್ಲದು. ಹಾಗಾಗಿ ಗಣಕ ಕೊಟ್ಟ ಉತ್ತರವನ್ನು ಒಪ್ಪುವ ಮುನ್ನ ಆ ಸಕ್ಕರೆಯಲ್ಲಿ ಬ್ಯಾಕ್ಟೀರಿಯಾವನ್ನು ಬೆಳೆಸಿಯೇ ನೋಡಬೇಕಾಗುತ್ತದೆ.