ದ್ರಾಕ್ಷಿಯ ಚಾಟ್ನಿ ಮತ್ತು ಪುಷ್ಯದ ಚಳಿ

ಮೂವತ್ತು ವರ್ಷಗಳ ಹಿಂದಿನ ಒಂದು ಪುಷ್ಯಮಾಸದ ಬೆಳಗು. ನಮ್ಮ ಊರು ಆಗಿನ್ನೂ ಬಿಜಾಪುರ ಜಿಲ್ಲೆ. ವಿಜಯಪುರವೆಂಬ ಹೆಸರು ಬಂದದ್ದು 2014ರಲ್ಲಿ. ತಿಕೋಟಾ ಕಡೆಯ ನಮ್ಮ ಎರಡೂವರೆ ಎಕರೆ ದ್ರಾಕ್ಷಿ ಪಡದಲ್ಲಿ ಅಣ್ಣ ಒಂದು ಗೊಂಚಲನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ. ಕಾಯಿಗಳು ಹದಿನೈದು ದಿನಗಳಿಂದ ಜೋಳದ ಕಾಳಿನ ಗಾತ್ರದಲ್ಲೇ ನಿಂತುಬಿಟ್ಟಿದ್ದವು. ರಾತ್ರಿಯ ತಾಪಮಾನ 8 ಡಿಗ್ರಿಗೆ ಇಳಿದಿತ್ತು. ಮಧ್ಯಾಹ್ನ ಮಾತ್ರ ಅಂಗಿ ತೆಗೆಯುವಷ್ಟು ಬಿಸಿಲು.

ಅದಕ್ಕೆ ಕೆಲವೇ ತಿಂಗಳ ಹಿಂದೆ, ಭೂಗೋಳದ ಮಾಸ್ತರನ ಜಂಬದಲ್ಲಿ, ಫ್ರಾನ್ಸ್ ದೇಶದ ದ್ರಾಕ್ಷಿತೋಟಗಳು ಹಿಮದಲ್ಲಿ ನಿಲ್ಲುತ್ತವೆಂದು ನಾನೇ ಅವನಿಗೆ ಹೇಳಿದ್ದೆ. ಅವನು ಅದನ್ನು ಮರೆತಿರಲಿಲ್ಲ.

"ತಮ್ಮಾ, ಅಲ್ಲಿ ಮೈನಸ್ ಹತ್ತಕ್ಕ ಬಳ್ಳಿ ಸಾಯಂಗಿಲ್ಲ ಅಂತಿದ್ದಿ. ಇಲ್ಲಿ ಎಂಟಕ್ಕ ಯಾಕ ಹಿಂಗಾತು?"

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನ ಈ ಪ್ರಶ್ನೆಗೆ ಎಂ.ಎ., ಬಿ.ಎಡ್. ಆದ ನನ್ನಲ್ಲಿ ಉತ್ತರವಿರಲಿಲ್ಲ. ನಿವೃತ್ತನಾದ ಮೇಲೆ ಓದಲು ಬಿಡುವು ದೊರೆತಾಗ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ ನಿದ್ದೆಯಲ್ಲಿದೆ. ಶೀತ ದೇಶಗಳಲ್ಲಿ ಶರತ್ಕಾಲ ಬಂದೊಡನೆ ಬಳ್ಳಿ ಎಲೆ ಉದುರಿಸಿ, ಕಡ್ಡಿಯನ್ನು ಗಟ್ಟಿ ಮಾಡಿಕೊಂಡು ಮಲಗುತ್ತದೆ. ಹಾಗೆ ಮಲಗಿದ ಬಳ್ಳಿ ಶೂನ್ಯಕ್ಕಿಂತ 15 ಡಿಗ್ರಿ ಕೆಳಗಿನ ಚಳಿಯನ್ನೂ ಬಹುಮಟ್ಟಿಗೆ ತಾಳಬಲ್ಲುದು. ಅದೇ ಬಳ್ಳಿ ಎಚ್ಚೆತ್ತು ಮೊಗ್ಗು ಒಡೆದಿದ್ದರೆ ಮೈನಸ್ 2 ಅಥವಾ 3 ಡಿಗ್ರಿಗೇ ಚಿಗುರು ಕಪ್ಪಾಗಿ ಹೋಗುತ್ತದೆ. ಆದ್ದರಿಂದ ದ್ರಾಕ್ಷಿಗೆ ಬರಿಯ ಚಳಿಗಿಂತ ಬೆಚ್ಚಗಾಗಿ ಮತ್ತೆ ಕೊರೆಯುವ ಚಳಿಯೇ ದೊಡ್ಡ ವೈರಿ.

ಇದಕ್ಕೆ ಚರಿತ್ರೆಯಲ್ಲಿ ದಾರುಣವಾದ ನಿದರ್ಶನವಿದೆ. 1956ರ ಜನವರಿ ಫ್ರಾನ್ಸಿನಲ್ಲಿ ವಸಂತದಂತೆ ಬೆಚ್ಚಗಿತ್ತು. ಬೋರ್ದೋ ಪ್ರಾಂತ್ಯದ ಬಳ್ಳಿಗಳಲ್ಲಿ ರಸ ಏರತೊಡಗಿತು. ಫೆಬ್ರವರಿ ಮೊದಲ ದಿನಗಳಲ್ಲಿ ಸೈಬೀರಿಯಾ ಕಡೆಯಿಂದ ಗಾಳಿ ನುಗ್ಗಿತು; ತಾಪಮಾನ ಒಮ್ಮೆಗೇ ಕುಸಿದು ಚಳಿ ವಾರಗಟ್ಟಲೆ ನಿಂತಿತು. ಕಾಂಡದೊಳಗಿನ ರಸ ಹೆಪ್ಪುಗಟ್ಟಿ ಬಳ್ಳಿಗಳು ಸೀಳಿದವು. ಸೇಂಟ್ ಎಮಿಲಿಯೋನ್ ಮತ್ತು ಪೊಮೆರೋಲ್ ಎಂಬ ಊರುಗಳಲ್ಲಿ ತೋಟಗಳಿಗೆ ತೋಟಗಳೇ ಹೋದವು. ದಕ್ಷಿಣದ ಪ್ರೊವಾನ್ಸಿನಲ್ಲಿ ಹಳೆಯ ಆಲಿವ್ ಮರಗಳೂ ಉಳಿಯಲಿಲ್ಲ. ಪೊಮೆರೋಲಿನ ಬಹಳಷ್ಟು ಮಾಲೀಕರು ಬಳ್ಳಿ ಕಿತ್ತು ಹೊಸದನ್ನು ನೆಟ್ಟರು. ಪೆಟ್ರೂಸ್ ಎಂಬ ತೋಟದ ಒಡತಿ ಮದಾಮ್ ಲೂಬಾ ಅವರು ಮಾತ್ರ ಕೀಳಲು ಒಪ್ಪದೆ, ಸತ್ತ ಭಾಗವನ್ನು ಬುಡದವರೆಗೆ ಕತ್ತರಿಸಿ, ಹಳೆಯ ಬೇರಿನಿಂದಲೇ ಬಳ್ಳಿ ಎಬ್ಬಿಸಿದರು. ವರ್ಷಗಳ ಫಸಲು ಹೋದರೂ ಸರಿ, ಬೇರು ಉಳಿಯಲಿ ಎಂಬ ಆಕೆಯ ಹಟ ನನಗೆ ನಮ್ಮ ಸೀಮೆಯ ಹೆಣ್ಣುಮಕ್ಕಳ ಹಟದಂತೆಯೇ ಕಾಣುತ್ತದೆ.

ಚೀನಾದ ತುರ್ಪಾನಿನಲ್ಲಿ ಶರತ್ಕಾಲದಲ್ಲಿ ಬಳ್ಳಿಯನ್ನೇ ಮಣ್ಣಿನಲ್ಲಿ ಹೂತು ವಸಂತದಲ್ಲಿ ಹೊರತೆಗೆಯುತ್ತಾರೆ. ಫ್ರಾನ್ಸಿನ ಜಾಣರಿಗೆ ಇನ್ನೊಂದು ಉಪಾಯ ಗೊತ್ತು: ಚಾಟ್ನಿಯನ್ನು ತಡಮಾಡುವುದು. ಕಡ್ಡಿಯನ್ನು ಉದ್ದವಾಗಿ ಬಿಟ್ಟರೆ ತುದಿಯ ಮೊಗ್ಗುಗಳು ಮೊದಲು ಒಡೆಯುತ್ತವೆ, ಬುಡದವು ಮಲಗಿಯೇ ಇರುತ್ತವೆ. ಇಬ್ಬನಿ ಹೆಪ್ಪುಗಟ್ಟುವ ಕಾಲ ಕಳೆದ ಮೇಲೆ ತುದಿಯನ್ನು ಕತ್ತರಿಸಿದರಾಯಿತು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಕೊಲುಮೆಲ್ಲನೂ ಬೆಚ್ಚಗಿನ ನಾಡಿಗೆ ಶರತ್ಕಾಲದ ಚಾಟ್ನಿ, ಶೀತದ ನಾಡಿಗೆ ವಸಂತದ ಚಾಟ್ನಿ ಎಂದು ಭೇದ ಮಾಡಿದ್ದನು. ಆದರೂ 2021ರಲ್ಲಿ, ಬೆಚ್ಚಗಿನ ಮಾರ್ಚಿನ ಬೆನ್ನಿಗೇ ಏಪ್ರಿಲ್ ಮೊದಲ ವಾರದಲ್ಲಿ ಹಿಮ ಬಿದ್ದಾಗ, ಫ್ರಾನ್ಸಿನ ರೈತರು ರಾತ್ರಿಯಿಡೀ ಸಾಲುಗಳ ನಡುವೆ ದೊಡ್ಡ ಮೇಣದ ದೀಪಗಳನ್ನು ಹಚ್ಚಿ ಕಾದರು. ಬಹಳ ಕಡೆ ಫಸಲು ಉಳಿಯಲಿಲ್ಲ.

ಇನ್ನು ನಮ್ಮ ದಖ್ಖನ್ನಿಗೆ ಬರೋಣ. ಇಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ದೌಲತಾಬಾದಿನ ದ್ರಾಕ್ಷಿ ವರ್ಷಕ್ಕೆ ಎರಡು ಬಾರಿ ಫಲ ಕೊಡುತ್ತದೆಂದು ಬರೆದಿದ್ದಾನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಅಲ್ಲಿ ದ್ರಾಕ್ಷಿ ಅಗ್ಗವಾಗಿ ಸಿಗುವುದನ್ನು ಕಂಡಿದ್ದನು. ಎರಡು ಫಸಲಿನಲ್ಲಿ ಮಳೆಗಾಲದ್ದು ಹುಳಿ. ಅದಕ್ಕಾಗಿ ನಮ್ಮ ರೈತರು ಎರಡು ಚಾಟ್ನಿ ಮಾಡಿ ಒಂದೇ ಫಸಲು ತೆಗೆಯುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿಗಾಗಿ; ಮುಂದಿನ ಗೊಂಚಲು ಆ ಕಡ್ಡಿಯ ಕಣ್ಣುಗಳೊಳಗೆ ಬೇಸಿಗೆಯ ಬಿಸಿಲಿನಲ್ಲೇ ರೂಪುಗೊಳ್ಳುತ್ತದೆ. ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ. ಚಳಿ ಮಾಡಬೇಕಾದ ಕೆಲಸವನ್ನು ನಾವು ಕತ್ತರಿಯಿಂದ ಮಾಡಿಸುತ್ತೇವೆ ಎನ್ನಬಹುದು. ಫ್ರಾನ್ಸಿನ ಬಳ್ಳಿ ಮಲಗಿರುವ ಡಿಸೆಂಬರಿನಲ್ಲಿ ನಮ್ಮ ಬಳ್ಳಿ ಎಳೆಗಾಯಿ ಹೊತ್ತು ನಿಂತಿರುತ್ತದೆ. ಹತ್ತು ಡಿಗ್ರಿಗಿಂತ ಕೆಳಗಿಳಿದರೆ ಕಾಯಿಯ ಬೆಳವಣಿಗೆ ನಿಲ್ಲುತ್ತದೆ. ಅಣ್ಣನ ಪ್ರಶ್ನೆಗೆ ಇದೇ ಉತ್ತರ.

ಚಾಟ್ನಿಯ ದಿನ ಗೊತ್ತುಮಾಡುವುದು ಲಗ್ನದ ಮುಹೂರ್ತಕ್ಕಿಂತ ಕಷ್ಟ. ಕತ್ತರಿ ಹಾಕಿದ ಸುಮಾರು ನಲವತ್ತು ದಿನಕ್ಕೆ ಹೂವು. ಸೆಪ್ಟೆಂಬರಿನಲ್ಲಿ ಮುಗಿಸಿದರೆ ಹೂವು ಹಿಂಗಾರಿ ಮಳೆಗೆ ಸಿಕ್ಕಿ ಬೂಜುರೋಗ ಬರುತ್ತದೆ. ನವೆಂಬರಿಗೆ ದೂಡಿದರೆ ಚಳಿಗೆ ಸಿಗುತ್ತದೆ. ಹಿಂದಿನ ವರ್ಷ ಮಳೆಯಿಂದ ನೆರೆಯವರ ಪಡ ಹಾಳಾದುದನ್ನು ಕಂಡ ಅಣ್ಣ, ಆ ವರ್ಷ ಹೆದರಿ ನವೆಂಬರ್ ಮೊದಲ ವಾರದವರೆಗೆ ಕಾದಿದ್ದ. ದೀಪಾವಳಿಗೆ ಬಂದಿದ್ದ ನಾನೂ "ಅವಸರ ಬ್ಯಾಡ ಬಿಡು" ಎಂದಿದ್ದೆ. ಈ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆ ರಾತ್ರಿಗಳಲ್ಲಿ ಮಾಡಬಹುದಾದುದನ್ನೆಲ್ಲ ಮಾಡಿದೆವು. ಪಡದ ಗಾಳಿಯ ದಿಕ್ಕಿಗೆ ಹಸಿ ಕಸ, ರವದಿ ಸುಟ್ಟೆವು. ಹೊಗೆಯಿಂದ ಬಳ್ಳಿಗಿಂತ ನಮಗೇ ಹೆಚ್ಚು ಧೈರ್ಯ ಬಂದಿತೆಂದು ಈಗ ಅನಿಸುತ್ತದೆ. ನೀರಿನ ಉಪಾಯವೇ ಮೇಲು: ತೊಯ್ದ ನೆಲ ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಟ್ಟುಕೊಡುತ್ತದೆ, ಬಾವಿಯ ನೀರೂ ಬೆಳಗಿನ ಗಾಳಿಗಿಂತ ಬೆಚ್ಚಗಿರುತ್ತದೆ. ಆದರೆ ಕರೆಂಟು ಬಂದರಲ್ಲವೇ ನೀರು! ನಾಸಿಕ ಜಿಲ್ಲೆಯ ನಿಫಾಡದಲ್ಲಿ 2018ರ ಡಿಸೆಂಬರಿನಲ್ಲಿ ತಾಪಮಾನ 2 ಡಿಗ್ರಿಯ ಆಸುಪಾಸಿಗೆ ಇಳಿದಾಗಲೂ ರೈತರು ಬೆಂಕಿ, ನೀರುಗಳನ್ನೇ ನಂಬಿದ್ದರು. ಹಗಲುರಾತ್ರಿಯ ತಾಪದ ಅಂತರಕ್ಕೆ ಹಸಿರು ಹಣ್ಣು ಗುಲಾಬಿಯಾಗುವುದನ್ನು ತಡೆಯಲು ಅಲ್ಲಿ ಗೊಂಚಲಿಗೆ ಕಾಗದ ಸುತ್ತುವುದೂ ಉಂಟು.

ಅಣ್ಣನ ಕಾಯಿಗಳು ಕೊನೆಗೂ ಬೆಳೆಯಲಿಲ್ಲ. ಪೇಟೆಗೆ ಹೋಗಬೇಕಾದ ಹಣ್ಣು ಒಣಗಿಸುವ ಶೆಡ್ಡಿಗೆ ಹೋಗಿ, ಸಣ್ಣ ಮಣೂಕವಾಗಿ, ಸಿಕ್ಕ ದರಕ್ಕೆ ಮಾರಾಟವಾಯಿತು. ಹಿರಿಯ ಮಗಳ ಲಗ್ನ ಮುಂದಿನ ವರ್ಷಕ್ಕೆ ಹೋಯಿತು. ಅವನು ನನ್ನನ್ನು ಒಂದು ಮಾತೂ ಆಡಲಿಲ್ಲ. ಶೆಡ್ಡಿನ ಗೋಡೆಯ ಮೇಲೆ ಇದ್ದಿಲಿನಿಂದ ಆ ವರ್ಷದ ಚಾಟ್ನಿಯ ತಾರೀಖು ಬರೆದಿಟ್ಟ, ಅಷ್ಟೆ. ಅಂದಿನಿಂದ ಪ್ರತಿ ವರ್ಷ ತಾರೀಖು, ಹೂವಿನ ದಿನ, ಚಳಿ ಬಿದ್ದ ದಿನ ಬರೆಯುತ್ತ ಹೋದ.

ಅಣ್ಣ ಈಗಿಲ್ಲ. ಪಡ ಅವನ ಮಗನ ಕೈಯಲ್ಲಿದೆ. ಹುಡುಗ ಮೊಬೈಲಿನಲ್ಲಿ ಹವಾಮಾನ ನೋಡುತ್ತಾನೆ. ಆದರೂ ಅರ್ಧ ಪಡಕ್ಕೆ ಅಕ್ಟೋಬರ್ ಮೊದಲ ವಾರ, ಇನ್ನರ್ಧಕ್ಕೆ ಹದಿನೈದು ದಿನ ಬಿಟ್ಟು ಕತ್ತರಿ ಹಾಕಿಸುತ್ತಾನೆ. ಕಳೆದ ಸಲ ಹೋದಾಗ ಶೆಡ್ಡಿಗೆ ಸುಣ್ಣ ಹೊಡೆಸುತ್ತಿದ್ದ. ಅಪ್ಪನ ಬರಹವಿದ್ದ ಗೋಡೆಯೊಂದನ್ನು ಹಾಗೆಯೇ ಬಿಡಲು ಆಳುಗಳಿಗೆ ಹೇಳಿದ್ದ.